ಬಿಟ್ಟುಹೋದ ಕವಳ

ಯಶೋಧಾ ಟೀಚರ್ ಕೈಗೆ ಕೆಂಪು ಪೆನ್ನು ಸಿಕ್ಕರೆ ಮದುವೆ ಕರೆಯೋಲೆಯನ್ನೂ ತಿದ್ದುತ್ತಾರೆ. ಅವರು ನಿಟ್ಟೂರು ಕಡೆಯ ಹದಿನಾಲ್ಕು ಶಾಲೆಗಳ ಮೇಷ್ಟ್ರುಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ. ಐವತ್ತೆರಡು ವರ್ಷ, ಎರಡೂ ಮಂಡಿ ನೋವು. ಆದರೂ ಸ್ಕೂಟರಿನಲ್ಲಿ ಊರೂರು ಅಲೆದು, ಹಳಬರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಮ್ಮಂಥ ಮೇಷ್ಟ್ರುಗಳನ್ನು ಕೂರಿಸಿಕೊಂಡು ಅದನ್ನು ಮಕ್ಕಳ ಕಥೆಯಾಗಿ ಬರೆಸುತ್ತಾರೆ. ಮೇಲಿನವರು ಹೇಳಿದ ಕೆಲಸವನ್ನೇ ಮಾಡಲಾಗದೆ ನಾವು ಗೊಣಗುತ್ತಿರುವಾಗ ಹೇಳದ ಕೆಲಸವನ್ನೂ ಮೈಮೇಲೆ ಎಳೆದುಕೊಳ್ಳುವ ಹೆಂಗಸು.

ಕಳೆದ ಏಪ್ರಿಲ್‌ನಲ್ಲಿ ಸಾಗರದಲ್ಲಿ ಮೂರು ತಾಲ್ಲೂಕಿನ ಶಿಕ್ಷಕರ ಕಮ್ಮಟ ನಡೆಯಿತು. ಟೀಚರ್ ಅಲ್ಲಿಗೆ ಕೆರಿಯಪ್ಪಜ್ಜ ಹೇಳಿದ ಕಥೆ ತಂದಿದ್ದರು. ಅಜ್ಜ ನನ್ನ ಶಾಲೆಯ ಪಕ್ಕದ ಮನೆಯವನು. ನಲವತ್ತು ಮಳೆಗಾಲ ಜನರನ್ನು ಹಳ್ಳ ದಾಟಿಸಿದ್ದಾನೆ, ಒಬ್ಬರನ್ನೂ ನೀರಿಗೆ ಕೊಟ್ಟವನಲ್ಲ.

ಅವನ ಕಥೆ ಸಣ್ಣದು. ದುಗ್ಗಮ್ಮ ಎಂಬವಳು ಮಳೆಗಾಲದಲ್ಲಿ ಸಂಕದ ಹತ್ತಿರ ಬರುತ್ತಾಳೆ. ಸಂಕ ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ. ನೀರಿನ ಅಂಚಿನಲ್ಲಿ ಒಂದು ಕೋಲು ನೆಡುತ್ತಾಳೆ. ಕೂತು ಒಂದು ಕವಳ ಹಾಕುತ್ತಾಳೆ. ಎಲೆ ಅಡಿಕೆ ಜಗಿದು ಉಗಿದ ಮೇಲೆ ಕೋಲಿನ ಕಡೆ ನೋಡುತ್ತಾಳೆ. ನೀರು ಕೋಲನ್ನು ಮುಟ್ಟಿದ್ದರೆ ವಾಪಸು, ಇಲ್ಲದಿದ್ದರೆ ದಾಟುತ್ತಾಳೆ.

ಆಕ್ಷೇಪ ಎತ್ತಿದವನು ನಾನು. ಮಕ್ಕಳ ಪುಸ್ತಕದಲ್ಲಿ ಎಲೆ ಅಡಿಕೆ ಯಾಕೆ, ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡುವವರು ಯಾರು ಎಂದೆ. ತೀರ್ಥಹಳ್ಳಿಯ ಶಿಕ್ಷಕರೂ ದನಿಗೂಡಿಸಿದರು. ಟೀಚರ್ ಕವಳದ ಸಾಲಿನ ಮೇಲೆ ಕೆಂಪು ಗೀಟು ಎಳೆದರು. ತಿದ್ದುವವರನ್ನೇ ತಿದ್ದಿದೆನಲ್ಲ ಎಂದು ನನಗೆ ಒಳಗೊಳಗೇ ಖುಷಿ. ಜೂನ್‌ನಲ್ಲಿ ‘ದುಗ್ಗಮ್ಮನ ಕೋಲು’ ಅಚ್ಚಾಗಿ ಮೂರೂ ತಾಲ್ಲೂಕಿನ ಶಾಲೆಗಳಿಗೆ ಬಂತು.

ಜುಲೈ ತಿಂಗಳ ಒಂದು ಶನಿವಾರ. ಬೆಳಗಿನ ಶಾಲೆ ಬಿಟ್ಟು ಮಕ್ಕಳು ಆಗಷ್ಟೇ ಹೊರಟಿದ್ದರು. ವಾರದ ಮಳೆ ನಿಂತು ನಮ್ಮಲ್ಲಿ ಬಿಸಿಲು ಬಿದ್ದಿತ್ತು. ಟೀಚರ್ ಅಜ್ಜನಿಗೆ ಪುಸ್ತಕ ಕೊಡಲು ಬಂದರು, ನಾನೂ ಜೊತೆಗೆ ಹೋದೆ. ಅಜ್ಜನಿಗೆ ಓದು ಬಾರದು. ಟೀಚರ್ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು: ದುಗ್ಗಮ್ಮ ಕೋಲು ನೆಟ್ಟಳು, ನೋಡಿದಳು, ನೀರು ಕೋಲನ್ನು ಮುಟ್ಟಿರಲಿಲ್ಲ, ಧೈರ್ಯವಾಗಿ ದಾಟಿದಳು.

ಅಜ್ಜ ಹೊಗಳುತ್ತಾನೆಂದು ನಾವು ಕಾದೆವು.

"ಕವಳ ಎಲ್ಲೋಯ್ತು ಟೀಚರ್?"

ಮಕ್ಕಳ ಪುಸ್ತಕ ಅಂತ ತೆಗೆದೆವು ಎಂದು ಟೀಚರ್ ವಿವರಿಸಿದರು. ಅಜ್ಜ ತಲೆ ಅಲ್ಲಾಡಿಸಿದ.

"ಈಗ ನೆಟ್ಟ ಕೋಲಿಗೆ ಈಗ್ಲೇ ನೀರು ಮುಟ್ತದಾ? ಒಣಗಿದ್ದಲ್ಲೇ ಅಲ್ವಾ ನೆಡೋದು? ಕವಳ ಬಾಯಿ ರುಚಿಗಲ್ಲ. ಅಷ್ಟೊತ್ತು ಕೂತಿರ್ಲಿ ಅಂತ."

ನಾವು ಬರೆದ ಪ್ರಕಾರ ಯಾವ ಹಳ್ಳವನ್ನಾದರೂ, ಯಾವಾಗ ಬೇಕಾದರೂ ದಾಟಬಹುದಿತ್ತು. ಗುರುವಾರವಷ್ಟೇ ನಾನು ಆ ಕಥೆಯನ್ನು ತರಗತಿಯಲ್ಲಿ ಆಡಿಸಿದ್ದೆ. ದುಗ್ಗಮ್ಮನಾಗಿದ್ದವಳು ನಾಲ್ಕನೇ ತರಗತಿಯ ಸ್ವಾತಿ. ಅವಳ ಮನೆ ಇರುವುದು ಹಳ್ಳದ ಆಚೆ.

ಅಜ್ಜ ಕೊಡಚಾದ್ರಿಯ ಕಡೆ ನೋಡಿದ. ಅಲ್ಲಿ ಮೋಡ ಕಪ್ಪಗೆ ಕವಿದಿತ್ತು. ಮೇಲೆ ಹೊಯ್ದ ಮಳೆ ಕೆಳಗೆ ಬಿಸಿಲಿದ್ದಾಗಲೇ ಹಳ್ಳಕ್ಕೆ ಬಂದುಬಿಡುತ್ತದೆ. ಇವತ್ತು ಸಂಕ ದಾಟುವ ಮಕ್ಕಳು ಯಾರು ಎಂದು ಕೇಳಿದ. ಸ್ವಾತಿ ಎಂದೆ. ದಿನಾ ಅವಳಮ್ಮ ಹಳ್ಳದ ತನಕ ಬರುತ್ತಿದ್ದಳು. ಇವತ್ತು ಅಮ್ಮ ಗದ್ದೆ ನಟ್ಟಿಗೆ ಹೋಗಿದ್ದಾಳೆ, ಒಬ್ಬಳೇ ಹೋಗ್ತೀನಿ ಎಂದು ಬೆಳಿಗ್ಗೆಯೇ ಸ್ವಾತಿ ಜಂಬದಿಂದ ಹೇಳಿದ್ದಳು.

ಓಡಿದೆವು. ಎಪ್ಪತ್ತು ದಾಟಿದ ಅಜ್ಜ ಎಲ್ಲರಿಗಿಂತ ಮುಂದೆ. ಮಂಡಿನೋವಿನ ಟೀಚರ್ ಎರಡು ಸಲ ಜಾರಿ ಬಿದ್ದರು, ಎದ್ದರು. ಮಗು ನಮಗಿಂತ ಎಷ್ಟು ಮುಂದಿದೆ ಎಂಬ ಲೆಕ್ಕವೊಂದೇ ನನ್ನ ತಲೆಯಲ್ಲಿ.

ಸ್ವಾತಿ ಸಂಕದ ಮೇಲಿದ್ದಳು. ನಾಲ್ಕು ಹೆಜ್ಜೆ ಹೋಗಿದ್ದಳು. ಕೆಂಪು ನೀರು ಮರಕ್ಕೆ ಗೇಣು ಕೆಳಗೆ ಕಸಕಡ್ಡಿ ಹೊತ್ತು ಓಡುತ್ತಿತ್ತು. ಕೂಗಲು ಬಾಯಿ ತೆರೆದೆ. ಅಜ್ಜನ ಕೈ ನನ್ನ ಬಾಯಿಯನ್ನು ಮುಚ್ಚಿತು. ಸಂಕದ ಮೇಲಿರುವವರನ್ನು ಹಿಂದಿನಿಂದ ಕೂಗಬಾರದಂತೆ, ಬೆಚ್ಚಿ ತಿರುಗಿದರೆ ಮುಗಿಯಿತು. ಅಜ್ಜ ಸಂಕದ ತುದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮನೆಯೊಳಗೆ ಮಾತಾಡುವ ದನಿಯಲ್ಲಿ ಹೇಳಿದ:

"ಸ್ವಾತೀ, ಅಲ್ಲೇ ಕೂತ್ಕ ಮಗಾ. ತಿರುಗ್ಬೇಡ. ಕೂತಂಗೇ ಹಿಂದೆ ಜರುಗು."

ಅವಳು ಕೂತಳು. ಮರ ನಡುಗಿತು. ಟೀಚರ್ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಎರಡು ದಿನ ಇತ್ತು. ಗೇಣು ಗೇಣಾಗಿ ಮಗು ಹಿಂದೆ ಬಂತು. ಪಾಟಿಚೀಲದ ಪಟ್ಟಿ ಕೈಗೆ ಸಿಕ್ಕಿದ್ದೇ ಅಜ್ಜ ಎಳೆದುಕೊಂಡ.

ಯಾರೂ ಬೈಯಲಿಲ್ಲ. ಅವಳೇ ಅಳುಮುಖ ಮಾಡಿ ಹೇಳಿದಳು: "ಕೋಲಿಗೆ ನೀರು ಮುಟ್ಟಿರ್ಲಿಲ್ಲ ಟೀಚರ್. ಸರಿಯಾಗಿ ನೋಡೇ ಹೋಗಿದ್ದು. ಪುಸ್ತಕದಲ್ಲಿ ಇದ್ದಂಗೇ."

ಅಜ್ಜ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದ. ನಾವು ಮೂವರೂ ಅವನ ಪಕ್ಕ ಕೂತೆವು. ಅವನು ಕವಳ ಮುಗಿಸಿ ಉಗಿಯುವ ಹೊತ್ತಿಗೆ ಸ್ವಾತಿ ನೆಟ್ಟ ಕೋಲು ಕಾಣುತ್ತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಸಂಕದ ಒಂದು ಮರ ಲಟಕ್ಕೆಂದು ಕಿತ್ತು ನೀರಿನ ಜೊತೆ ಹೋಯಿತು. ಟೀಚರ್ ಮಗುವನ್ನು ಮಡಿಲಿಗೆ ಎಳೆದುಕೊಂಡು ಬಿಕ್ಕಿಬಿಕ್ಕಿ ಅತ್ತರು. ನಾನು ಅವರ ಮುಖ ನೋಡಲಾರದೆ ನೀರಿನ ಕಡೆ ನೋಡುತ್ತಿದ್ದೆ.

ಅಂದೇ ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ನಿಂತು ಟೀಚರ್ ಎಲ್ಲ ಶಾಲೆಗಳಿಗೂ ಫೋನ್ ಮಾಡತೊಡಗಿದರು. ಆ ಪಾಠ ನಿಲ್ಲಿಸಿ ಎಂದರು. ಸೋಮವಾರದಿಂದ ಸ್ಕೂಟರ್ ಹತ್ತಿದರು. ಹುಲಿಕಲ್ಲಿನಿಂದ ಕೋಣಂದೂರಿನ ತನಕ ಶಾಲೆ ಶಾಲೆಗೆ ಹೋಗಿ, ಮಕ್ಕಳ ಎದುರು ನಿಂತು, ತಪ್ಪು ಬರೆದವಳು ನಾನೇ ಎಂದು ಹೇಳಿ, ಪ್ರತಿ ಪುಸ್ತಕದಲ್ಲೂ ಆ ಸಾಲನ್ನು ಕೈಯಾರೆ ಸೇರಿಸಿದರು: ದುಗ್ಗಮ್ಮ ಕೂತು ಒಂದು ಕವಳ ಹಾಕಿದಳು. ಕವಳ ಹಾಕದ ಮಕ್ಕಳು ಎರಡರಿಂದ ಹತ್ತರವರೆಗೆ ಮಗ್ಗಿ ಹೇಳಬೇಕು ಎಂಬುದು ಸ್ವಾತಿಯ ಸಲಹೆ. ಅದನ್ನೂ ಬರೆದರು. ನೀರು ಕೋಲನ್ನು ಮುಟ್ಟಿದ್ದರೆ ದೊಡ್ಡವರನ್ನು ಕೂಗಬೇಕು ಎಂಬುದನ್ನೂ.

ಆಗಸ್ಟ್‌ನಲ್ಲಿ, ನಾನು ಹೆದರಿದ್ದಂತೆಯೇ, ಮೇಲಿನ ಕಚೇರಿಯಿಂದ ಕಾಗದ ಬಂತು. ಮಕ್ಕಳ ಪುಸ್ತಕದಲ್ಲಿ ಕೈಬರಹದಲ್ಲಿ ಎಲೆ ಅಡಿಕೆ ಸೇರಿಸಿದವರು ಯಾರು, ಮೂರು ದಿನದಲ್ಲಿ ಉತ್ತರಿಸಿ. ಟೀಚರ್ ನನ್ನೆದುರೇ ಕೆಂಪು ಪೆನ್ನು ತೆಗೆದು ಬರೆದರು: ‘ಸೇರಿಸಿದವಳು ನಾನೇ. ಮೊದಲು ತೆಗೆದವಳೂ ನಾನೇ. ನೋಟಿಸ್ ಕೊಡುವುದಾದರೆ ತೆಗೆದದ್ದಕ್ಕೆ ಕೊಡಿ.’

ಪೆನ್ನು ಇಸಿದುಕೊಂಡು ಅದರ ಕೆಳಗೆ ನಾನೂ ಸಹಿ ಹಾಕಿದೆ.