ಆಯುಧಪೂಜೆಯ ಎಣಿಕೆ

ಅವರು ಕುಕ್ಕರಗಾಲಿನಲ್ಲಿ ಕೂತರೆ ಎರಡೂ ಮಂಡಿಗಳು ಒಂದರ ಹಿಂದೊಂದು ಲಟಕ್ಕೆನ್ನುತ್ತಿದ್ದವು. ಯಂತ್ರಗಳು ನಿಂತಿದ್ದರೆ ಆ ಸದ್ದು ಇಡೀ ಶೆಡ್ಡಿಗೆ ಕೇಳಿಸುತ್ತಿತ್ತು. ಕಚ್ಚೆಪಂಚೆ, ಕರಿ ಕೋಟು, ತಲೆಯ ಮೇಲೆ ಟೋಪಿ, ಕೋಟಿನ ಜೇಬಿನಲ್ಲಿ ನಸ್ಯದ ಡಬ್ಬಿ. ಅಂಥ ಮನುಷ್ಯ ಗ್ರೀಸು ಚೆಲ್ಲಿದ ನೆಲದ ಮೇಲೆ ಕೂಲಿಯಾಳಿನ ಎದುರು ಕೂತು, ಮುಖಕ್ಕೆ ಮುಖ ಕೊಟ್ಟು, ಎರಡೇ ಎರಡು ಪ್ರಶ್ನೆ ಕೇಳುತ್ತಿದ್ದರು. "ಇಲ್ಲಿಗೆ ಬರೋಕ್ ಮುಂಚೆ ಎಲ್ಲಿದ್ರಿ? ಆ ಜಾಗದಲ್ಲಿ ಈಗ ಯಾರಿದಾರೆ?"

ಅವರು ನಮ್ಮ ಸೂಪರ್‌ವೈಸರು. ನಾನು ಅವರ ಕೈಕೆಳಗಿನ ಟೆಂಪರರಿ ಗುಮಾಸ್ತ. ಐವತ್ತರ ದಶಕದ ಕೊನೆಯ ಮಾತು. ರಾಜಾಜಿನಗರದ ಅಂಚಿನಲ್ಲಿ ಸರ್ಕಾರ ತನ್ನ ಖರ್ಚಿನಲ್ಲೇ ಸಾಲಾಗಿ ಶೆಡ್ಡುಗಳನ್ನು ಕಟ್ಟಿಸಿ, ಕರೆಂಟು ಎಳೆಸಿ, ಸಣ್ಣ ಕಾರ್ಖಾನೆಯವರಿಗೆ ಕಡಿಮೆ ಬಾಡಿಗೆಗೆ ಕೊಟ್ಟಿತ್ತು. ಇಂಡಸ್ಟ್ರಿಯಲ್ ಎಸ್ಟೇಟು ಎಂದು ಅದರ ಹೆಸರು. ಬೋಲ್ಟು ಮಾಡುವವರು, ಟ್ರಂಕು ಮಾಡುವವರು, ಸೈಕಲ್ಲಿನ ಬಿಡಿಭಾಗ ಮಾಡುವವರು ಬಂದು ಸೇರಿದ್ದರು. ಇಷ್ಟೆಲ್ಲ ಖರ್ಚಾದ ಮೇಲೆ ಊರಿನಲ್ಲಿ ಹೊಸದಾಗಿ ಎಷ್ಟು ಕೆಲಸ ಹುಟ್ಟಿತು ಎಂದು ಎಣಿಸಿ ಹೇಳುವುದು ನಮ್ಮ ಪುಟ್ಟ ಕಚೇರಿಯ ಜವಾಬ್ದಾರಿ.

ಆ ಶೆಡ್ಡುಗಳು ಎದ್ದದ್ದು ನಮ್ಮ ಹಳ್ಳಿಯ ಹೊಲಗಳ ಮೇಲೆ. ನಮ್ಮಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ನೆಲದಲ್ಲಿ ಈಗ ತಗಡು ಬಡಿಯುತ್ತಿದ್ದರು. ನೆಲ ಬಿಟ್ಟುಕೊಟ್ಟ ಪ್ರತಿ ಮನೆಗೂ ಶೆಡ್ಡಿನಲ್ಲಿ ಒಂದು ಖಾಯಂ ಕೆಲಸ ಎಂದು ಸರ್ಕಾರದವರು ಅರಳಿಕಟ್ಟೆಯ ಮುಂದೆ ನಿಂತು ಮಾತು ಕೊಟ್ಟಿದ್ದರು. ನಮ್ಮ ಮನೆಗೆ ಬರಬೇಕಾಗಿದ್ದ ಆ ಒಂದು ಕೆಲಸ ನಮ್ಮಣ್ಣನದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಅರ್ಜಿ ಹಾಕಿ ಗುಮಾಸ್ತನಾದವನು, ನನ್ನದು ಬೇರೆ. ಅಣ್ಣನಿಗೆ ನೇಗಿಲು ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ನೇಗಿಲು ಹೂಡಲು ನೆಲವಿರಲಿಲ್ಲ. ದಿನಾ ಬೆಳಿಗ್ಗೆ ಶೆಡ್ಡುಗಳ ಮುಂದೆ ಹೋಗಿ ನಿಲ್ಲುವುದು. ಕರೆದರೆ ಲಾರಿಗೆ ಮಾಲು ಹೊರುವುದು, ಕರೆಯದಿದ್ದರೆ ಬೀಡಿ ಸೇದಿಕೊಂಡು ಮನೆಗೆ ಬರುವುದು. ಅವನ ಮದುವೆ ನಿಶ್ಚಯವಾಗಿ ನಿಂತುಹೋಗಿತ್ತು. ಕೆಲಸ ಖಾಯಂ ಆಗಲಿ, ಆಮೇಲೆ ಧಾರೆ ಎರೆಯೋಣ ಎಂದು ಹೆಣ್ಣಿನ ಕಡೆಯವರು ಹೇಳಿ ಕಳಿಸಿದ್ದರು.

ಸೂಪರ್‌ವೈಸರು ಮೊದಲು ಬಿನ್ನಿಪೇಟೆಯ ಕಡೆ ಒಂದು ಗಿರಣಿಯಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದವರು. ಹೊಗಳಿಕೆಯ ಒಂದು ಮಾತು ಅವರ ಬಾಯಿಂದ ಬೀಳಿಸುವುದು ನಮ್ಮಪ್ಪನಾಣೆಗೂ ಯಾರಿಂದಲೂ ಆಗುತ್ತಿರಲಿಲ್ಲ. ನಾನು ಒಮ್ಮೆ 'ಸುಮಾರು' ಎಂದು ಬರೆದದ್ದಕ್ಕೆ ಪೆನ್ಸಿಲ್ಲು ಕಿತ್ತುಕೊಂಡು, "ಸುಮಾರು ಅನ್ನೋದು ಮದುವೆಮನೆ ಅಡುಗೆಯವರ ಲೆಕ್ಕ ಕಣಯ್ಯ" ಎಂದು ಎಲ್ಲರೆದುರು ಮಾನ ಕಳೆದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೂ ಅವರ ಎರಡು ಪ್ರಶ್ನೆಗಳ ಬೆಲೆ ನನಗೆ ಬೇಗ ತಿಳಿಯಿತು. ಪೇಟೆಯ ಗಲ್ಲಿಯಲ್ಲಿದ್ದ ಕುಲುಮೆಯನ್ನು ಮುಚ್ಚಿ, ಅದೇ ಆಳುಗಳನ್ನು ಇಲ್ಲಿಗೆ ತಂದು ನಿಲ್ಲಿಸಿ, ನೋಡಿ ಸ್ವಾಮಿ ಎಷ್ಟು ಜನಕ್ಕೆ ಅನ್ನ ಕೊಟ್ಟೆ ಎನ್ನುವ ಮಾಲೀಕರೇ ಹೆಚ್ಚು. ಅಂಥವರ ಶೆಡ್ಡಿನಿಂದ ಹೊರಗೆ ಬಂದು ಅವರು ನಸ್ಯ ಏರಿಸಿ, "ಈ ಕೊಡದ ನೀರನ್ನ ಆ ಕೊಡಕ್ಕೆ ಸುರಿದು, ನೀರು ಹೆಚ್ಚಾಯ್ತು ಅಂದ್ರೆ ಒಪ್ಕೊಳ್ತೀಯೇನಯ್ಯ?" ಎನ್ನುತ್ತಿದ್ದರು.

ಇಷ್ಟು ಗಟ್ಟಿ ಮನುಷ್ಯ ನಮ್ಮ ಕಚೇರಿಯ ದೊಡ್ಡ ಸಾಹೇಬರೆಂದರೆ ನಡುಗುತ್ತಿದ್ದರು. ಸಾಹೇಬರ ಕೋಣೆಗೆ ಹೋಗುವ ಮುಂಚೆ ಕೋಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕುವರು. ಹೊಟ್ಟೆಯ ನೋವು ಬೇರೆ ಇತ್ತು. ಬೈಸಿಕೊಂಡು ಬಂದ ದಿನ ಮೊಸರನ್ನವನ್ನೂ ಹಾಗೇ ಮುಚ್ಚಿಡುತ್ತಿದ್ದರು.

ಅವರ ದೊಡ್ಡ ತಲೆನೋವೆಂದರೆ ಶೆಡ್ಡಿಗೆ ಹೋದ ದಿನ ಎಲ್ಲ ಆಳುಗಳೂ ಸಿಗುತ್ತಿರಲಿಲ್ಲ. ಒಬ್ಬನಿಗೆ ಜ್ವರ, ಒಬ್ಬನಿಗೆ ಊರಲ್ಲಿ ದೇವರ ಕೆಲಸ. ಅದಕ್ಕೆ ಅವರೇ ಒಂದು ಉಪಾಯ ಹುಡುಕಿದರು. ಆಯುಧಪೂಜೆಯ ದಿನ ಯಾವನೂ ರಜ ಹಾಕುವುದಿಲ್ಲ, ಯಂತ್ರಕ್ಕೆ ಮಂಗಳಾರತಿಯಾದ ಮೇಲೆ ಕಡ್ಲೆಪುರಿ ಹಂಚುವಾಗ ಆಳುಗಳೆಲ್ಲ ಸಾಲಾಗಿ ನಿಲ್ಲುತ್ತಾರೆ, ಅಲ್ಲೇ ಎಣಿಸಿಬಿಡೋಣ ಎಂದರು. ಸಾಹೇಬರು ಒಪ್ಪಿದರು. ಒಂದೊಂದು ಸಾಲಿನ ಶೆಡ್ಡುಗಳಿಗೆ ಒಬ್ಬರೇ ಪುರೋಹಿತರು. ಅವರು ಒಂದರಲ್ಲಿ ಪೂಜೆ ಮುಗಿಸಿ ಇನ್ನೊಂದಕ್ಕೆ ಹೋದ ಹಾಗೆ ಗುಮಾಸ್ತರೂ ಹಿಂದೆ ಹಿಂದೆ ಹೋಗಿ ತಲೆ ಎಣಿಸಿದರು. ಆ ಗದ್ದಲದಲ್ಲಿ ಮುಖ ನೋಡಲು, ಎರಡು ಪ್ರಶ್ನೆ ಕೇಳಲು ಹೊತ್ತಿರಲಿಲ್ಲ. ಒಂದು ಊರಿನವರನ್ನು ಅದೇ ಊರಿನವನು ಎಣಿಸಬಾರದು ಎಂಬುದು ಸೂಪರ್‌ವೈಸರ ಕಟ್ಟಳೆ. ಹಾಗಾಗಿ ನನ್ನನ್ನು ನಮ್ಮ ಹಳ್ಳಿಯವರು ಓಡಾಡದ, ಆ ತುದಿಯ ಸಾಲಿಗೆ ಹಾಕಿದ್ದರು.

ಎಣಿಕೆ ಕೂಡಿಸಿದಾಗ ಎಲ್ಲರೂ ಬಾಯಿ ಬಿಟ್ಟರು. ಯಾರೂ ಊಹಿಸದಷ್ಟು ಜನ. ದೊಡ್ಡ ಸಾಹೇಬರು ಸೂಪರ್‌ವೈಸರ ಬೆನ್ನು ತಟ್ಟಿದರಂತೆ. ಎರಡನೇ ಹಂತದ ಶೆಡ್ಡುಗಳ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು, ಈ ಸಂಖ್ಯೆಯನ್ನು ಅವರ ಭಾಷಣದಲ್ಲಿ ಹೇಳಿಸುವುದೆಂದಾಯಿತು. ವರದಿಯ ಕೊನೆಯಲ್ಲಿ ಸಾಹೇಬರು ತಾವೇ ಒಂದು ವಾಕ್ಯ ಸೇರಿಸಿದ್ದರು: ಹಳ್ಳಿಯವರಿಗೆ ಕೊಟ್ಟ ಮಾತು ಪೂರೈಸಿರುವುದರಿಂದ ಆ ಫೈಲನ್ನು ಮುಕ್ತಾಯ ಮಾಡಬಹುದು.

ಅದನ್ನು ಓದಿ ನನ್ನ ಮೈ ಉರಿದುಹೋಯಿತು. ಫೈಲು ಮುಚ್ಚಿದರೆ ಅಣ್ಣನ ಕೆಲಸ ಅಲ್ಲಿಗೆ ಮುಗಿದ ಕಥೆ. ನಮ್ಮಣ್ಣನಿಗೆ ಎಲ್ಲಿ ಸಿಕ್ಕಿದೆ ಸಾರ್ ಎಂದು ಸೂಪರ್‌ವೈಸರನ್ನು ಕೇಳಿದೆ. ಎಣಿಕೆ ಇಡೀ ಎಸ್ಟೇಟಿನದು, ನಿಮ್ಮಣ್ಣ ಒಬ್ಬನದಲ್ಲ ಎಂದು ಅವರು ರೇಗಿದರು. ನಾನೂ ಬಿಡಲಿಲ್ಲ. ಹಾಗಿದ್ದರೆ ನಮ್ಮಮ್ಮನಿಗೆ ನೀವೇ ಬಂದು ಹೇಳಿ, ನನ್ನ ಬಾಯಲ್ಲಿ ಆಗುವುದಿಲ್ಲ ಎಂದುಬಿಟ್ಟೆ. ಕೆಲಸದಿಂದ ತೆಗೆದುಹಾಕುತ್ತಾರೆ ಎಂದುಕೊಂಡೆ. ಅವರು ನಸ್ಯದ ಡಬ್ಬಿಯನ್ನು ಜೇಬಿಗೆ ಹಾಕಿ, ಕೊಡೆ ಕೈಗೆ ತೆಗೆದುಕೊಂಡು, "ನಡಿ" ಎಂದರು.

ಮನೆಯಲ್ಲಿ ಅಮ್ಮ ಗಾಬರಿಬಿದ್ದು ಜಗಲಿಯ ಮೇಲೆ ಚಾಪೆ ಹಾಸಿದಳು. ಅವರು ನಮ್ಮಂಥವರ ಮನೆಯಲ್ಲಿ ನೀರೂ ಮುಟ್ಟುವವರಲ್ಲ ಎಂದು ಅವಳಿಗೆ ನೋಡಿದರೇ ತಿಳಿಯಿತು. ಅದಕ್ಕೇ, ನೀರು ಸೋಕದ ತಿಂಡಿಯೆಂದು, ತಟ್ಟೆಯ ತುಂಬ ಪುರಿ ಸುರಿದು, ಬೆಲ್ಲದ ಉಂಡೆ ಇಟ್ಟು ತಂದಳು. ಬೇಡವೆನ್ನಲು ಅವರಿಗೆ ಮನಸ್ಸಾಗಲಿಲ್ಲ. ಒಂದು ಹಿಡಿ ತೆಗೆದುಕೊಂಡು, ಒಳಗಿದ್ದ ದೊಡ್ಡ ತಗಡಿನ ಡಬ್ಬವನ್ನು ನೋಡಿ, ಹಬ್ಬ ಕಳೆದು ಇಷ್ಟು ದಿನವಾದರೂ ಇಷ್ಟೊಂದು ಪುರಿ ಎಲ್ಲಿಂದ ಬಂತಮ್ಮ ಎಂದು ಮಾತಿಗೆ ಕೇಳಿದರು.

ನಮ್ಮ ದೊಡ್ಡವನು ತಂದದ್ದು, ನಾಲ್ಕು ಶೆಡ್ಡಿನಿಂದ ನಾಲ್ಕು ಪೊಟ್ಟಣ ಎಂದಳು ಅಮ್ಮ. ಅದನ್ನು ಅವಳು ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ದನಿ ಇಳಿಯಿತು.

"ಪುರಿ ಈಸ್ಕೊಳಾಕೆ ಎಲ್ರೂ ಕರೀತಾರೆ ಸ್ವಾಮಿ. ಕೆಲಸಕ್ಕೆ ಮಾತ್ರ ಒಬ್ರೂ ಕರ್ಯಾಕಿಲ್ಲ."

ಸೂಪರ್‌ವೈಸರ ಕೈ ಬಾಯಿಯ ಹತ್ತಿರ ನಿಂತಿತು. ಹಿಡಿಯಲ್ಲಿದ್ದ ಪುರಿಯನ್ನು ಮೆಲ್ಲಗೆ ತಟ್ಟೆಗೆ ಇಳಿಸಿ ಅಣ್ಣನನ್ನು ಕರೆಸಿದರು. ನಾಲ್ಕು ಕಡೆಯೂ ಸಾಲಿನಲ್ಲಿ ನಿಂತಿದ್ದೆಯಾ ಎಂದು ಕೇಳಿದರು. ಅಣ್ಣನಿಗೆ ತಾನೇನು ತಪ್ಪು ಮಾಡಿದೆನೋ ಎಂದು ಭಯ. ಒಂದು ದಿನ ಮೂಟೆ ಹೊತ್ತವನನ್ನೂ ಹಬ್ಬದ ದಿನ ಬರಿಗೈಯಲ್ಲಿ ಕಳಿಸಬಾರದು ಎಂದು ಮಾಲೀಕರು ಕರೆಯುತ್ತಾರೆ, ಪುರೋಹಿತರು ಹೋದ ಕಡೆಗೆಲ್ಲ ನಾವೂ ಹೋದೆವು, ನಮ್ಮ ಹಟ್ಟಿಯ ಹುಡುಗರೆಲ್ಲ ಹಾಗೇ ಹೋದದ್ದು ಎಂದ. ಅಷ್ಟೇ ಅಲ್ಲ, ಪೇಟೆಯ ಹಳೇ ಕುಲುಮೆಯವರೂ ಆ ದಿನ ಬಂದು ನಿಂತಿದ್ದರಂತೆ.

ಹೊರಗೆ ಬಂದ ಮೇಲೆ ಅವರು ನಡೆಯಲಿಲ್ಲ. ಬೇಲಿಯ ಪಕ್ಕ ಬಿಸಿಲಲ್ಲಿ ನಿಂತು, ಕೊಡೆ ಬಿಚ್ಚುವುದನ್ನೂ ಮರೆತು, "ಲೈನ್ ಎಣಿಸಿದೆ ಕಣಯ್ಯ, ಜನರನ್ನ ಎಣಿಸಲೇ ಇಲ್ಲ. ಕೂಲಿ ಇಲ್ಲದೆ ಕೂತಿರೋನನ್ನ ನಾಲ್ಕು ಸಲ ಕೆಲಸಕ್ಕೆ ಸೇರಿಸಿಬಿಟ್ಟಿದೀನಿ" ಎಂದರು. ಅವರ ಮುಖ ಬೂದಿಯಾಗಿತ್ತು. ಅಲ್ಲಿಯತನಕ ನನಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮತ್ತೆ ಎಣಿಸಲು ಅಪ್ಪಣೆ ಕೇಳಿದಾಗ ದೊಡ್ಡ ಸಾಹೇಬರು ಕೊಡಲಿಲ್ಲ. ಉದ್ಘಾಟನೆಗೆ ಕೆಲವೇ ದಿನ ಉಳಿದಿತ್ತು. ಆಗ ಸೂಪರ್‌ವೈಸರು ಹೊಟ್ಟೆನೋವೆಂದು ರಜೆ ಬರೆದುಕೊಟ್ಟು, ಹಬ್ಬವಿಲ್ಲದ ಒಂದು ಮಾಮೂಲಿ ದಿನ, ನನ್ನನ್ನು ಕರೆದುಕೊಂಡು ಶೆಡ್ಡುಗಳಿಗೆ ನಡೆದರು. ಇದಕ್ಕೆ ನಿನ್ನನ್ನು ಬಲವಂತ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ನಾನು ಹೋದೆ, ಆದರೆ ಸ್ವಂತ ಊರಿನವರನ್ನು ಎಣಿಸಬಾರದೆಂಬ ಕಟ್ಟಳೆಯನ್ನು ಅವರು ಆಗಲೂ ಬಿಡಲಿಲ್ಲ. ನಮ್ಮ ಹಳ್ಳಿಯವರನ್ನು ಅವರೇ ಎಣಿಸಿದರು.

ಸುದ್ದಿ ನಮಗಿಂತ ಮುಂಚೆ ಓಡಿತ್ತು. ಬೋಲ್ಟು ಮಾಡುವ ಶೆಡ್ಡಿನ ಮಾಲೀಕರು ನಮ್ಮನ್ನು ಕಂಡದ್ದೇ ಬಾಗಿಲಿಗೆ ಅಡ್ಡ ನಿಂತರು. ಎಣಿಕೆ ಮುಗಿದಾಯಿತಲ್ಲ, ಸಾಹೇಬರಿಗೆ ಈಗಲೇ ಫೋನು ಮಾಡುತ್ತೇನೆ ಎಂದರು. ಒಳಗೆ ಆಳುಗಳೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಸೂಪರ್‌ವೈಸರು ಕೋಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದರು. ಮಾಡಿ ಎಂದರು. ಮಾಲೀಕರ ಪಕ್ಕದಿಂದ ಓರೆಯಾಗಿ ತೂರಿಕೊಂಡು ಹೋಗಿ ಮೊದಲ ಯಂತ್ರದವನ ಎದುರು ಕೂತರು. ಮಂಡಿಗಳು ಲಟಕ್ಕೆಂದವು. ಯಾರೋ ಕಿಸಕ್ಕನೆ ನಕ್ಕರು. ಅವರು ಕೇಳಿದರು, ಎಲ್ಲಿದ್ರಿ, ಆ ಜಾಗದಲ್ಲಿ ಈಗ ಯಾರಿದಾರೆ. ಆ ಆಳು ಒಮ್ಮೆ ಮಾಲೀಕರನ್ನು, ಒಮ್ಮೆ ಇವರನ್ನು ನೋಡಿದ. ಪೇಟೆಯಲ್ಲಿ ಇದೇ ಧಣಿಗಳ ಹತ್ತಿರವೇ ಇದ್ದೆ, ಆ ಜಾಗಕ್ಕೆ ಬೀಗ ಹಾಕಿದೆ ಎಂದ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು.

ಸಂಜೆ ಕೂಡಿಸಿದಾಗ ಹೊಸ ಕೆಲಸಗಳು ಹಬ್ಬದ ಎಣಿಕೆಯ ಅರ್ಧಕ್ಕೂ ಬರಲಿಲ್ಲ. ನಮ್ಮ ಹಳ್ಳಿಯಿಂದ ಖಾಯಂ ಆದವರು ಎಣಿಸಲು ಒಂದು ಕೈಯ ಬೆರಳುಗಳೇ ಸಾಕಾದವು.

ಮರುದಿನ ಸಾಹೇಬರ ಕೋಣೆಯ ಅರ್ಧಬಾಗಿಲ ಹೊರಗೆ ನಾನು ನಿಂತಿದ್ದೆ. ಒಳಗಿನ ಒಂದೊಂದು ಮಾತೂ ಕೇಳಿಸುತ್ತಿತ್ತು. "ಐಡಿಯಾ ನಿಮ್ದೇ ಅಲ್ವೇನ್ರೀ? ನಂಬರ್ ಮೇಲಕ್ಕೆ ಹೋಗಿದೆ. ಈಗ ನಾನು ಮಂತ್ರಿಗಳ ಮುಂದೆ ಏನಂತ ಬಾಯಿ ಬಿಡ್ಲಿ? ಸುಮ್ನೆ ಸೈನ್ ಮಾಡಿ." ಮಗಳ ಮದುವೆ, ಪೆನ್ಷನ್ನು, ಊರು ಬಿಟ್ಟು ಹೋಗಬೇಕಾದೀತು ಎಂಬ ಮಾತು, ಎಲ್ಲವೂ ಬಂತು. ಆಮೇಲೆ ಕಾಗದದ ಮೇಲೆ ಪೆನ್ನು ಸರಿಯುವ ಸದ್ದು ಬಂತು. ಆಗ ನನಗೆ, ಆಯ್ತು, ಇವರು ರುಜು ಹಾಕಿದರು, ಅಣ್ಣನ ಕತೆ ಮುಗಿಯಿತು ಎನ್ನಿಸಿತು.

ಅವರು ರುಜು ಹಾಕಿದ್ದು ನಿಜ. ಹಾಕುವ ಮೊದಲು ವರದಿಯ ಮೇಲೆ ತಮ್ಮ ಕೈಯಾರೆ ಬರೆದಿದ್ದರು: 'ಹಬ್ಬದ ದಿನ ಎಣಿಸಿದ್ದು ತಪ್ಪು. ತಪ್ಪು ನನ್ನದು. ಹಳ್ಳಿಯ ಫೈಲು ಮುಚ್ಚತಕ್ಕದ್ದಲ್ಲ.' ಹೊರಗೆ ಬಂದಾಗ ಅವರ ಕೋಟು ಬೆನ್ನಿಗೆ ಅಂಟಿಕೊಂಡಿತ್ತು. ಕುಡಿಯೋಕೆ ಸ್ವಲ್ಪ ನೀರು ತಾ ಎಂದರು.

ಆ ಮಾತು ಬರೆದ ಮೇಲೆ ವರದಿಯನ್ನು ಮೇಲಕ್ಕೆ ಕಳಿಸುವ ಹಾಗಿರಲಿಲ್ಲ. ಮಂತ್ರಿಗಳು ಸಂಖ್ಯೆ ಹೇಳದೆಯೇ ಭಾಷಣ ಮಾಡಿ ಹೋದರು. ತಿಂಗಳು ತುಂಬುವುದರೊಳಗೆ ಸೂಪರ್‌ವೈಸರಿಗೆ ರಾಯಚೂರಿನ ಕಡೆಗೆ ವರ್ಗವಾಯಿತು. ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಪೆನ್ಸಿಲ್ಲನ್ನು ಇನ್ನೂ ಚೂಪಾಗಿ ಕೆತ್ತಿಕೋ ಎಂದು ಹೇಳಿ ಅವರು ರೈಲು ಹತ್ತಿದರು.

ತೆರೆದೇ ಉಳಿದ ಫೈಲು ಸಾಹೇಬರನ್ನು ಚುಚ್ಚತೊಡಗಿತು. ಮೇಲಿನವರು ಮತ್ತೆ ಮತ್ತೆ ಕೇಳಿದಾಗ, ಎರಡನೇ ಹಂತದ ಶೆಡ್ಡು ಬೇಕಾದವರು ಮೊದಲು ನೆಲ ಕೊಟ್ಟ ಮನೆಯವರನ್ನು ಸೇರಿಸಿಕೊಳ್ಳಬೇಕು ಎಂದು ಅವರೇ ಷರತ್ತು ಹಾಕಿದರು. ಮುಂದಿನ ವರ್ಷ ಅಣ್ಣ ಟ್ರಂಕಿನ ಶೆಡ್ಡಿಗೆ ಸೇರಿದ. ಖಾಯಂ ಆದ. ಧಾರೆಯೂ ಆಯಿತು.

ಆ ವರ್ಷದ ಆಯುಧಪೂಜೆಗೆ ಅಣ್ಣ ಮನೆಗೆ ತಂದದ್ದು ಒಂದೇ ಪೊಟ್ಟಣ. ಅಮ್ಮ ಅದನ್ನು ಬಿಚ್ಚಲಿಲ್ಲ. ಆ ಸ್ವಾಮಿಗೆ ಕೊಟ್ಟು ಬಾ ಎಂದು ನನ್ನ ಕೈಗೆ ಹಾಕಿದಳು.

ರಾಯಚೂರಿನ ನೀರು ಒಗ್ಗದೆ ಅವರು ರಜೆಯ ಮೇಲೆ ಬಿನ್ನಿಪೇಟೆಯ ತಮ್ಮ ವಠಾರದ ಮನೆಗೆ ಬಂದು ಮಲಗಿದ್ದರು. ಕೋಟು, ಟೋಪಿ ಇಲ್ಲದ ಅವರನ್ನು ನಾನು ಕಂಡದ್ದು ಅದೇ ಮೊದಲು. ಎಲುಬಿನ ಮೇಲೆ ಬರಿ ಚರ್ಮ. ಅವರ ಹೆಂಡತಿ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಪೊಟ್ಟಣ ಕೈಗೆ ಕೊಟ್ಟೆ. ಅವರು ಅದನ್ನು ತೂಗುವವರ ಹಾಗೆ ಹಿಡಿದು ನೋಡಿದರು.

"ಒಂದೇನೇನಯ್ಯ?"

"ಒಂದೇ ಸಾರ್. ಒಂದೇ ಶೆಡ್ಡು."

"ನಿಮ್ಮಣ್ಣ ಮುಂಚೆ ಎಲ್ಲಿದ್ದ?"

"ಎಲ್ಲೂ ಇರ್ಲಿಲ್ಲ ಸಾರ್."

"ಆ ಜಾಗದಲ್ಲಿ ಈಗ ಯಾರಿದಾರೆ?"

ಉತ್ತರ ಬರದೆ ಅವರು ಬಿಡುವವರಲ್ಲ.

"ಜಾಗಾನೇ ಇರ್ಲಿಲ್ಲ ಸಾರ್, ಇರೋಕೆ."

ಡಾಕ್ಟರು ಬೇಡವೆಂದಿದ್ದರೂ ಅವರು ನಾಲ್ಕು ಕಾಳು ಪುರಿ ಬಾಯಿಗೆ ಹಾಕಿಕೊಂಡರು. ಅದನ್ನು ಬಹಳ ಹೊತ್ತು ಅಗಿದರು. ದೀಪಾವಳಿಗೆ ಮುಂಚೆಯೇ ಅವರು ಹೋಗಿಬಿಟ್ಟರು. ಪುರಿ ಕೊಟ್ಟ ಆ ದಿನ ನನಗೆ ಅವರು ಹೇಳಿದ ಕೊನೆಯ ಮಾತು ಇಷ್ಟೇ.

"ಹಾಗಾದ್ರೆ ಬರ್ಕೋ ಕಣಯ್ಯ. ಒಂದು."