ಓಟಗಾರರ ಹಾದಿಯಲ್ಲಿ ನಮ್ಮ ರಂಗೋಲಿ

ಕಳೆದ ಗುರುವಾರ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಶುರುವಾಯಿತು. ಹಾಲಿನ ಪ್ಯಾಕೆಟ್ ಬಂತು. ನಲ್ಲಿಯಲ್ಲಿ ನೀರು ಬರಲಿಲ್ಲ. ನಮ್ಮ ಮನೆಯವರು ಹಣೆಗೆ ವಿಭೂತಿ, ಕೊರಳಿಗೆ ಕಂಪನಿಯ ಟ್ಯಾಗು ಎರಡನ್ನೂ ಧರಿಸಿ ಪೇಪರ್ ಹಿಡಿದು ಕೂತರು. ನಾನು ಒಗ್ಗರಣೆಗೆ ಸಾಸಿವೆ ಹಾಕಿ, ಅವಲಕ್ಕಿ ತೋಯಿಸಿಟ್ಟೆ.

ಎಂದಿನಂತೆ ಇರದ ಸಂಗತಿ ಒಂದೇ. ಅಷ್ಟು ಹೊತ್ತಿಗಾಗಲೇ ನಾನು ನಮ್ಮ ರಸ್ತೆಯ ಗುಂಡಿಯ ಮೇಲೆ ದೊಡ್ಡದೊಂದು ನವಿಲಿನ ರಂಗೋಲಿ ಹಾಕಿ ಬಂದಿದ್ದೆ.

ಗುಂಡಿಯ ಮೇಲೆ ರಂಗೋಲಿಯೇ? ಹೌದು. ತುಸು ಹಿಂದಿನಿಂದ ಹೇಳುತ್ತೇನೆ.

ಹೆಬ್ಬಗೋಡಿ ಕಡೆಯಿಂದ ಟೆಕ್ ಪಾರ್ಕಿನ ಹಿಂದಿನ ಗೇಟಿಗೆ ಹೋಗುವ ಅಡ್ಡರಸ್ತೆ ನಮ್ಮದು. ರಸ್ತೆ ಶುರುವಾಗುವಲ್ಲೇ ಗುಂಡಿ. ನೀರಿನ ಟ್ಯಾಂಕರುಗಳು ತುಳಿದೂ ತುಳಿದೂ ಅದನ್ನು ಪುಟ್ಟ ಕೆರೆ ಮಾಡಿವೆ. ಆಟೋದವರು ಅಲ್ಲಿಯವರೆಗೆ ಬಂದು, ತಲೆ ಹೊರಹಾಕಿ ನೋಡಿ, "ಇಲ್ಲೇ ಇಳ್ಕೊಳ್ಳಿ ಮೇಡಂ" ಅನ್ನುತ್ತಾರೆ. ನಾವೇನೋ ಇಳಿದು ನಡೆಯುತ್ತೇವೆ. ಪಕ್ಕದ ಮನೆಯ ಜಯಮ್ಮ ಏನು ಮಾಡಬೇಕು?

ಜಯಮ್ಮ ಇಲ್ಲಿನ ಹಳಬರು. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದು ಅವರ ರಾಗಿ ಹೊಲದ ಮೇಲೆ. ಈ ರಸ್ತೆ ಆ ಹೊಲದ ಬದುವಾಗಿತ್ತಂತೆ. ("ಬದು ಇದ್ದಾಗ್ಲೇ ಸಲೀಸಾಗಿ ಓಡಾಡ್ತಿದ್ದೆ ಕಣವ್ವಾ" ಎಂದು ಅವರು ನನ್ನನ್ನು ನೋಡಿದಾಗಲೆಲ್ಲ ಹೇಳುತ್ತಾರೆ, ರಸ್ತೆ ನಾನೇ ಮಾಡಿಸಿದ ಹಾಗೆ.) ಈಗ ಅವರಿಗೆ ಮಂಡಿಯ ಆಪರೇಷನ್ ಆಗಿದೆ. ಫಿಸಿಯೋಥೆರಪಿ ತಪ್ಪಿಸಿದರೆ ಕಾಲು ಮಡಚಲು ಬಾರದೆ ಹಾಗೇ ನಿಂತುಬಿಡುತ್ತದೆ ಎಂದು ಡಾಕ್ಟರು ಹೆದರಿಸಿದ್ದಾರೆ. ಆದರೆ ಆಟೋ ಮನೆ ಬಾಗಿಲಿಗೆ ಬರುವುದಿಲ್ಲ. ವಾಕರ್ ಗುಂಡಿ ದಾಟುವುದಿಲ್ಲ. ಹಾಗಾಗಿ ಫಿಸಿಯೋಥೆರಪಿ ತಪ್ಪುತ್ತಲೇ ಇದೆ.

ಗುಂಡಿ ಮುಚ್ಚಿಸಿ ಎಂದು ನಾವು ಕೇಳಿಲ್ಲವೆಂದುಕೊಂಡಿರಾ? ಕೇಳಿದ್ದೇವೆ. ನಗರಸಭೆಯ ಇಂಜಿನಿಯರ್ ಸಾಹೇಬರು ಪ್ರತಿ ಸಲವೂ ಬಹಳ ಮರ್ಯಾದೆಯಿಂದ, "ಫಂಡ್ ಇಲ್ಲ ಮೇಡಂ" ಎಂದಿದ್ದಾರೆ.

ಅಂಥ ಹೊತ್ತಿನಲ್ಲಿ ಬಂತು ನೋಡಿ, ಅಂತರರಾಷ್ಟ್ರೀಯ ಓಟದ ಸುದ್ದಿ! ದೇಶವಿದೇಶದವರು ಓಡುವ ದೊಡ್ಡ ಮ್ಯಾರಥಾನ್. ಅದನ್ನು ಪಕ್ಕದ ರಾಜ್ಯದವರು ಹಾರಿಸಿಕೊಂಡು ಹೋಗುವ ಮೊದಲು ನಾವೇ ತರಬೇಕೆಂದು ಸರ್ಕಾರ ಕೋಟಿಗಟ್ಟಲೆ ಕೊಡಲು ತಯಾರಾಗಿತ್ತು. ಓಟ ನಡೆಸುವವರಿಗೆ ಫೀಸು, ಬರುವವರಿಗೆ ಸ್ಟಾರ್ ಹೋಟೆಲು, ದಾರಿಗೆ ದೀಪ, ಹೂಕುಂಡ, ಡಾಂಬರು. ಫಂಡ್ ಇತ್ತು! ಪಾಪ, ಇಷ್ಟು ದಿನ ಅದಕ್ಕೆ ಬರಲು ಒಂದು ನೆಪ ಇರಲಿಲ್ಲ, ಅಷ್ಟೆ.

ಎದುರು ಫ್ಲಾಟಿನ ಶಿವಲೀಲಾ (ಹುಬ್ಬಳ್ಳಿಯವಳು, ಮೆಲ್ಲಗೆ ಮಾತಾಡಿದ್ದು ನಾನು ಕೇಳಿಲ್ಲ) ಬಾಗಿಲು ಬಡಿದಳು. "ಅಕ್ಕಾ, ಓಟ ನಮ್ ರೋಡಿನ್ಯಾಗ ಹೊಂಟೈತಂತ್ರೀ! ನಮ್ದು, ಇಲ್ಲಾಂದ್ರ ಕೆರಿ ಬಾಜೂ ರೋಡು. ಗುರುವಾರ ಮುಂಜಾನಿ ಫಾರಿನ್‌ನವ್ರು ನೋಡಾಕ ಬರ್ತಾರಂತ. ಅವ್ರು ಹೂಂ ಅಂದ ರೋಡಿಗೆ ಡಾಂಬರ್!"

ನಮ್ಮ ಮನೆಯವರು (ಇವರೂ ಹುಬ್ಬಳ್ಳಿ ಕಡೆಯವರೇ) ಪೇಪರಿನಿಂದ ತಲೆ ಎತ್ತಲಿಲ್ಲ. "ಅವ್ರು ಓಡಾಕ ಬರ್ತಾರ, ಓಡಿ ಹೋಗ್ತಾರ. ನಿಮಗ್ಯಾಕ ಇಷ್ಟು ಹುರುಪು?"

ಹುರುಪು ಯಾಕೆ ಇರಬಾರದು? ಮನೆಗೆ ಅತಿಥಿಗಳು ಬರುತ್ತಾರೆಂದರೆ ನಾವು ಹೆಂಗಸರು ಏನು ಮಾಡುತ್ತೇವೆ? ಒಗೆದು ಮಡಚದ ಬಟ್ಟೆಯನ್ನೆಲ್ಲ ಬಾಚಿ ಬೆಡ್‌ರೂಮಿಗೆ ತುರುಕಿ ಬಾಗಿಲು ಹಾಕುತ್ತೇವೆ. ಹರಿದ ಸೋಫಾದ ಮೇಲೆ ಹೊಸ ಬೆಡ್‌ಶೀಟು ಹಾಸುತ್ತೇವೆ. ರಸ್ತೆಗೂ ಅದನ್ನೇ ಮಾಡಿದೆವು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯವರಿಂದ ಒಡೆದ ಇಟ್ಟಿಗೆ ಕೇಳಿ ತಂದು ಬುಧವಾರವಿಡೀ ಗುಂಡಿಗೆ ಸುರಿದೆವು. ಅದರ ಮೇಲೆ ಕೆಮ್ಮಣ್ಣು. ಕೆಮ್ಮಣ್ಣಿನ ಮೇಲೆ ಜಯಮ್ಮನ ಹಸುವಿನದೇ ಸಗಣಿ. ಟ್ಯಾಂಕರಿನವನಿಗೆ ಗುರುವಾರ ಸಂಜೆಯೇ ಬಾ ಎಂದು ಹೇಳಿದೆವು. ಬೆಳಿಗ್ಗೆ ಎದ್ದು ನಾನು ರಂಗೋಲಿ ಹಾಕಿದೆ. ನವಿಲಿನ ಬಾಲಕ್ಕೆ ನೀಲಿ ತುಂಬುವಾಗ, ಅಡಿಯಲ್ಲಿ ಗುಂಡಿಯಿದೆ ಎಂಬುದು ನನಗೇ ಮರೆತುಹೋಗಿತ್ತು.

ಅಷ್ಟರಲ್ಲಿ ಜಯಮ್ಮ ವಾಕರ್ ಊರಿಕೊಂಡು ತಮ್ಮ ಮನೆಯ ಗೇಟಿಗೆ ಬಂದರು. "ನಾನು ಗುಂಡಿತಾವ ನಿಂತ್ಕತೀನಿ ಕಣವ್ವಾ. ಅವ್ರು ನೋಡ್ಲಿ, ನಾನೆಂಗೆ ದಾಟ್ಬೇಕು ಅಂತ."

"ಅಯ್ಯ ಬ್ಯಾಡ್ರೀ ಅಮ್ಮಾರ, ಹೊರಗಿನ ಮಂದಿ ಮುಂದ ವಾಕರ್ ಚಂದ ಕಾಣಂಗಿಲ್ಲ. ಒಳಗ ಕುಂದರ್ರಿ" ಎಂದಳು ಶಿವಲೀಲಾ. ಗೇಟಿನ ಬಳಿ ಅವರು ದಿನಾ ಕೂರುತ್ತಿದ್ದ ಕುರ್ಚಿಯನ್ನು ನಾನು ಎತ್ತಿ, ಬಹಳ ಪ್ರೀತಿಯಿಂದಲೇ, ಒಳಗಿಟ್ಟೆ. ಜಯಮ್ಮ ವಾಕರ್ ಊರಿಕೊಂಡು ಒಳಗೆ ನಡೆದರು. ಕಿಟಕಿಯ ಹತ್ತಿರ ಹೋಗಿ ಕೂತರು.

ಕಾರುಗಳು ಬಂದವು. ಟೋಪಿ ಹಾಕಿದ ಒಬ್ಬ ಫಾರಿನ್ ಹೆಂಗಸು ಇಳಿದಳು. ಹಿಂದೆ ನಮ್ಮ ಇಂಜಿನಿಯರ್ ಸಾಹೇಬರು, ಇಸ್ತ್ರಿ ಮಾಡಿದ ಹೊಸ ಶರ್ಟಿನಲ್ಲಿ. ಆಕೆ ರಂಗೋಲಿಯ ಮುಂದೆ ಕೂತೇಬಿಟ್ಟಳು. ಫೋಟೋ ತೆಗೆದಳು. ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ನವಿಲಿನ ಬಗ್ಗೆ ನಾಲ್ಕು ಮಾತಾಡಿದೆ. ರಸ್ತೆಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಆಕೆ ನನ್ನ ಕೈ ಕುಲುಕಿದಳು.

ಇಂಜಿನಿಯರ್ ಸಾಹೇಬರ ಮುಖ ಅರಳಿತು. "ಕಂಗ್ರಾಟ್ಸ್ ಮೇಡಂ, ನಿಮ್ ರೋಡೇ ಸೆಲೆಕ್ಟ್ ಆಯ್ತು!"

ಶಿವಲೀಲಾ ಚಪ್ಪಾಳೆ ತಟ್ಟಿದಳು. ನಾನು ಕೇಳಿದೆ, "ಡಾಂಬರು ಯಾವಾಗ ಹಾಕಿಸ್ತೀರಿ ಸಾರ್?"

"ಡಾಂಬರ್ ಯಾಕೆ ಮೇಡಂ? ರಿಪೇರಿ ಬೇಕಿಲ್ಲ ಅಂತಾನೇ ಅಲ್ವಾ ಸೆಲೆಕ್ಟ್ ಆಗಿದ್ದು? ಕೆರೆ ರೋಡ್ ಆಗಿದ್ರೆ ಪೂರ್ತಿ ಹೊಸದಾಗಿ ಹಾಕ್ಬೇಕಾಗಿತ್ತು. ನಿಮ್ಮಿಂದ ಅಷ್ಟೂ ಉಳೀತು. ಮೇನ್ ರೋಡಲ್ಲಿ ಇನ್ನೊಂದಷ್ಟು ಹೂಕುಂಡ ಇಡ್ಸಣ."

"ಇಲ್ಲಿ ಒಂದು ಗುಂಡಿ ಇದೆಯಲ್ಲ ಸಾರ್..."

"ಎಲ್ಲಿ ಮೇಡಂ?"

ನಾನು ನವಿಲನ್ನು ನೋಡಿದೆ. ಫಾರಿನ್ ಹೆಂಗಸು ನನ್ನನ್ನು ನೋಡುತ್ತಿದ್ದಳು. ಕಾಲಿನಿಂದ ಕೆಮ್ಮಣ್ಣು ಕೆದಕಿದ್ದರೆ ಮುಗಿದುಹೋಗುತ್ತಿತ್ತು. ನಾನು ನಕ್ಕೆ.

ನಮ್ಮ ಕಾನ್ವೆಂಟಿಗೆ ಇನ್‌ಸ್ಪೆಕ್ಟರ್ ಬರುವ ದಿನ ಸಿಸ್ಟರ್ ಮುರಿದ ಬೆಂಚಿಗೆ ಹೂವಿನ ಬಟ್ಟೆ ಹೊದಿಸಿ, "ಸ್ಮೈಲ್, ಗರ್ಲ್ಸ್" ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಇನ್‌ಸ್ಪೆಕ್ಟರೂ ನಗುತ್ತಿದ್ದರು. ಆ ಬೆಂಚು ನಾನು ಹತ್ತನೇ ಕ್ಲಾಸು ಮುಗಿಸುವವರೆಗೂ ಮುರಿದೇ ಇತ್ತು. ಯಾಕೆಂದು ನನಗೆ ಗೊತ್ತಾದದ್ದು ಆ ಗುರುವಾರ.

ಅತಿಥಿಗಳನ್ನು ಕರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಊರಿಗೆ ನಾಲ್ಕು ಜನ ಬರಲಿ, ಓಡಲಿ, ನಮ್ಮ ದೋಸೆ ತಿನ್ನಲಿ. ಆದರೆ ಓಟ ಮುಗಿದ ಮೇಲೆ ದೀಪ ಬಿಚ್ಚಿಕೊಂಡು ಹೋಗುತ್ತಾರೆ. ಹೂಕುಂಡಗಳು ಯಾವ ಮಾಯದಲ್ಲೋ ಯಾರದೋ ಬಾಲ್ಕನಿ ಸೇರುತ್ತವೆ. ವರ್ಷವಿಡೀ ಈ ರಸ್ತೆಯಲ್ಲಿ ನಡೆಯುವವರು ನಡೆಯುತ್ತಲೇ ಇರುತ್ತಾರೆ. ಅವರನ್ನು ಆವತ್ತೊಂದು ದಿನ ಕಿಟಕಿಯ ಹಿಂದೆ ಕೂರಿಸಿದ್ದು ಸರ್ಕಾರವಲ್ಲ, ನಾವೇ. ಸರ್ಕಾರದ್ದು ಇನ್ನೂ ದೊಡ್ಡ ಬೆಡ್‌ಶೀಟು, ಅಷ್ಟೇ ವ್ಯತ್ಯಾಸ.

ಸಂಜೆ ಟ್ಯಾಂಕರ್ ಬಂತು. ಮುಂದಿನ ಚಕ್ರ ನವಿಲಿನ ಕತ್ತಿನ ಮೇಲೆ ಹತ್ತಿತು, ಹಿಂದಿನದು ಬಾಲದಲ್ಲಿ ಹೂತುಕೊಂಡಿತು. ಡ್ರೈವರ್ ಬೈದುಕೊಂಡು ಹಿಂದೆಮುಂದೆ ಆಡಿಸಿ ಹೊರಬರುವಷ್ಟರಲ್ಲಿ ನಮ್ಮ ಗುಂಡಿ ನಮಗೆ ಪೂರ್ತಿ ವಾಪಸ್ ಬಂದಿತ್ತು. ನಾನು ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ. "ಬೆಳಿಗ್ಗೆ ನಾನೇ ನಿಂತು ನೋಡಿದೀನಲ್ಲ ಮೇಡಂ" ಎಂದು ಅವರು ನಕ್ಕರು. "ಇದೊಂದು ಓಟ ಮುಗೀಲಿ, ಆಮೇಲೆ ನೋಡಣ. ಸದ್ಯಕ್ಕೆ ಫಂಡ್ ಇಲ್ಲ."

ಫೋನಿಟ್ಟು ಹೊರಗೆ ಬಂದೆ. ಜಯಮ್ಮ ಫಿಸಿಯೋಥೆರಪಿಗೆ ಹೊರಟು, ಗುಂಡಿಯ ಈಚೆ ದಡದಲ್ಲಿ ವಾಕರ್ ಹಿಡಿದು ನಿಂತಿದ್ದರು. ಆಚೆ ದಡದಲ್ಲಿ ಆಟೋ. ಕೆಸರಿನಲ್ಲಿ ಒಂದಿಷ್ಟು ನೀಲಿ ಪುಡಿ ತೇಲುತ್ತಿತ್ತು. ಆಟೋದವನು ಎರಡು ಸಲ ಹಾರನ್ ಹೊಡೆದು, ತಿರುಗಿಸಿಕೊಂಡು ಹೋದ.

ನಾನು ಪಕ್ಕದಲ್ಲಿ ಹೋಗಿ ನಿಂತೆ. ಜಯಮ್ಮ ವಾಕರನ್ನು ಮನೆಯ ಕಡೆ ತಿರುಗಿಸುತ್ತಾ ಹೇಳಿದರು:

"ರಂಗೋಲಿ ಸಂದಾಗಿತ್ತು ಕಣವ್ವಾ. ಇನ್ನೊಂದ್ ಕಿತ ಹಾಕೋದಾದ್ರೆ ಗುಂಡಿ ಮ್ಯಾಲೆ ಬ್ಯಾಡ, ಗುಂಡಿ ಸುತ್ತ ಹಾಕು."