ಮಾಳಪ್ಪ ಪಂಪು ಕಲಿತದ್ದು

ಕಿತ್ತೂರಿನ ಹೆದ್ದಾರಿ ಬದಿಯ ಆ ಬೇಕರಿಯಲ್ಲಿ ಒಲೆ ಎಂದರೆ ಮಾಳಪ್ಪ. ಮೀಸೆ ಚಿಗುರುವ ವಯಸ್ಸಿನಿಂದ ಕಟ್ಟಿಗೆ ಒಲೆಯ ಮುಂದೆ ನಿಂತ ಮನುಷ್ಯ, ಅಂಗೈ ಒಡ್ಡಿ ಕಾವು ಹೇಳುತ್ತಿದ್ದ. ಸಂಜೆ ಮನೆಗೆ ಬಂದಾಗ ಅಂಗಿ ಹಿಂಡಿದರೆ ನೀರು ಸುರಿಯಬೇಕು, ಅಷ್ಟು ಬೆವರು. "ಒಳಗ ಬರಬ್ಯಾಡ್ರಿ, ಮೊದಲ ಜಳಕಾ ಮಾಡ್ರಿ," ಎಂದು ಹೆಂಡತಿ ರಾಚವ್ವ ಬಾಗಿಲಲ್ಲೇ ತಡೆಯುವಳು.

ಈ ವರ್ಷ ಮಾಲೀಕ ದಿಗಂಬರ ಆ ಒಲೆ ಒಡೆಸಿ ಡೀಸೆಲ್ ಒಲೆ ತಂದ. ಅದರಲ್ಲಿ ಬೆಂಕಿ ಹೊತ್ತಿಸುವುದು ಬರ್ನರು, ಬರ್ನರಿಗೆ ಎಣ್ಣೆ ಒತ್ತುವುದು ಮುಷ್ಟಿಯಷ್ಟು ದೊಡ್ಡ ಪಂಪು. ಮಾಳಪ್ಪನನ್ನು ಹಿಂದಿನ ಕೋಣೆಯಲ್ಲಿ ಬ್ರೆಡ್ಡು ಪ್ಯಾಕ್ ಮಾಡಲು ಕೂರಿಸಿದರು. ಅಂದು ಒಣ ಅಂಗಿಯಲ್ಲಿ ಬಂದ ಗಂಡನನ್ನು ನೋಡಿ ರಾಚವ್ವ ಜಳಕದ ಮಾತೆತ್ತದೆ ಬಾಗಿಲು ಬಿಟ್ಟು ಸರಿದಳು. ಬೈದಿದ್ದರೂ ಚೆನ್ನಾಗಿತ್ತು. ಮಾಳಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

"ನಾನೂ ಆ ಪಂಪ ಕಲೀತೇನ್ರಿ," ಎಂದು ಮರುದಿನ ಹಟ ಹಿಡಿದ.

ದಿಗಂಬರ ನಕ್ಕ. "ಈ ವಯಸ್ಸಿನಾಗ ಯಾಕ ಬೇಕಪಾ? ಆತು, ಕಲಿ. ಪಂಪ ನೀನ ಬಿಚ್ಚಿ, ಜೋಡಿಸಿ, ಒಲಿ ಹಚ್ಚಿ ತೋರಿಸು. ಹತ್ತಿದ್ರ ಒಲಿ ನಿಂದು. ಇಲ್ಲಂದ್ರ ಪ್ಯಾಕಿಂಗ ಗಟ್ಟಿ."

ಕಲಿಸಲು ಬಂದವಳು ಬೈಲಹೊಂಗಲದ ರೇಣು. ಸವದತ್ತಿ, ರಾಮದುರ್ಗದವರೆಗೂ ಸ್ಕೂಟಿಯ ಮೇಲೆ ತಿರುಗಿ ಬರ್ನರು ರಿಪೇರಿ ಮಾಡುವವಳು, ಮಾಳಪ್ಪನಿಗೆ ಮಗಳಾಗಬೇಕಾದ ವಯಸ್ಸು. ಹಳೆಯ ಪಂಪೊಂದನ್ನು ಬಿಚ್ಚಿ ತಾಟಿನಲ್ಲಿ ಹರವಿದಳು. ಇಂಗ್ಲಿಷ್ ಹೆಸರುಗಳು ನಮ್ಮ ಮಾಳಪ್ಪನ ನಾಲಿಗೆಗೆ ಹೊರಳಬೇಕಲ್ಲ! ಆದರೆ ಆಸಾಮಿ ಬಿಡಲಿಲ್ಲ. ಕಸ ತಡೆಯುವ ಜಾಲರಿ ಚಹಾ ಸೋಸಣಿಗಿ ಆಯಿತು, ಎಣ್ಣೆ ಎಳೆಯುವ ಹಲ್ಲಿನ ಚಕ್ರಗಳು ಗಾಣ, ಪಂಪನ್ನು ಮೋಟರಿಗೆ ಕೂಡಿಸುವ ತುಂಡು ನೊಗ. ಬೆಂಕಿ ಹತ್ತಿದೆಯೋ ಇಲ್ಲವೋ ಎಂದು ಕಾಯುವ, ಕಾಣದಿದ್ದರೆ ಒಲೆಯನ್ನೇ ಆರಿಸುವ ಗಾಜಿನ ಗುಂಡಿಯೊಂದು ಪಂಪಿನಾಚೆ ಇತ್ತು. ಅದಕ್ಕೆ ಮಾತ್ರ ರೇಣುವೂ ಕಣ್ಣು ಎಂದೇ ಅನ್ನುತ್ತಿದ್ದಳು.

"ಹೆಸರು ಏನರ ಇಡ್ರಿ ಕಾಕಾ, ಜಾಗಾ ತಪ್ಪಿಸಬ್ಯಾಡ್ರಿ," ಎಂದಳು.

ಪರೀಕ್ಷೆಯ ದಿನ ಶುಕ್ರವಾರ. ಮಾಳಪ್ಪ ಪಂಪು ಬಿಚ್ಚಿದ, ಒರೆಸಲೆಂದು ಕಣ್ಣನ್ನೂ ಹೊರಗೆ ತೆಗೆದು ತಾಟಿನಲ್ಲಿಟ್ಟ. ರೇಣು ಫೋನು ಬಂತೆಂದು ಆಚೆ ಹೋದಳು. ಅಷ್ಟರಲ್ಲಿ ಇವನು ಕಿಸೆಯಿಂದ ಸವದತ್ತಿ ಎಲ್ಲಮ್ಮನ ಪ್ರಸಾದದ ಅರಿಶಿನ, ಆ ಭಂಡಾರದ ಪುಡಿಕೆ ತೆಗೆದು, ಒಂದೊಂದು ಭಾಗಕ್ಕೂ ಚಿಟಿಕೆ ಹಚ್ಚಿ ಕೈಮುಗಿದ. ಕಣ್ಣಿಗೆ ತುಸು ಹೆಚ್ಚೇ ಹಚ್ಚಿದ.

ಮರಳಿ ಬಂದ ರೇಣು ಹೌಹಾರಿದಳು. "ಅಯ್ಯ ಕಾಕಾ! ಎಣ್ಣಿ ಹೋಗೋ ಹಾದಿಯಾಗ ಪುಡಿ ಸೇರಿದ್ರ ಪಂಪ ಉಳಿತೈತೇನ್ರಿ? ಪಂಪಿಂದೆಲ್ಲಾ ಡೀಸೆಲ್‌ನಾಗ ತೊಳೀರಿ!"

ಮಾಳಪ್ಪ ಪಂಪಿನ ಒಂದೊಂದೇ ಭಾಗ ತೊಳೆದ, ಜೋಡಿಸಿದ, ಒಳಗಿನ ಗಾಳಿ ಹೊರಡಿಸಿದ, ಕಣ್ಣನ್ನು ಅದರ ಗೂಡಿಗೆ ಸಿಕ್ಕಿಸಿದ. ಸ್ವಿಚ್ಚು ಒತ್ತಿದ್ದೇ ಭುಸ್ ಎಂದು ಬೆಂಕಿ ಎದ್ದಿತು! ಹಿಗ್ಗಿ ಹೀರೇಕಾಯಿಯಾದ. ಆದರೆ ಮರುಕ್ಷಣವೇ ಬೆಂಕಿ ಆರಿ ಕೆಂಪು ದೀಪ ಹತ್ತಿತು. ಇನ್ನೊಮ್ಮೆ ಒತ್ತಿದರೂ ಅದೇ ಕಥೆ.

ಉಬ್ಬಿದ ಕಣಕದ ಟ್ರೇಗಳು ಸಾಲಾಗಿ ಕಾದಿದ್ದವು. ದಿಗಂಬರ ಧಾವಿಸಿ ಬಂದ. "ಹೊಸಾ ಪಂಪ ಕೆಡಿಸಿ ಇಟ್ಟೆಲ್ಲಪಾ!"

ಇನ್ನು ಸಾಯುವ ತನಕ ಪ್ಯಾಕಿಂಗೇ ಎಂದುಕೊಂಡ ಮಾಳಪ್ಪ.

"ಸ್ವಲ್ಪ ತಡೀರಿ ಸಾವಕಾರ್ರ," ಎಂದಳು ರೇಣು. "ಕಾಕಾ, ಪಂಪಿನ ಒತ್ತಡಾ ತೋರ್ಸೋ ಗೇಜಿನ ಮುಳ್ಳು ಎಲ್ಲೈತಿ?"

"ಇರಬೇಕಾದ ಜಾಗಾದಾಗ ಐತೆವ್ವಾ."

"ಬೆಂಕಿ ಬಂತೋ ಇಲ್ಲೋ?"

"ಬಂತಲ್ಲ! ಬಂದು ಹೋತು." ಮಾಳಪ್ಪ ತಡೆದು ನಿಂತ. ಪಂಪು ಎಣ್ಣೆ ಕೊಟ್ಟಿದೆ, ಬೆಂಕಿಯೂ ಹತ್ತಿದೆ. ಹಾಗಾದರೆ ಹತ್ತಿದ ಬೆಂಕಿಯನ್ನು ಯಾರೋ ಕಂಡಿಲ್ಲ. ಪಂಪಿನದೆಲ್ಲ ತೊಳೆ ಎಂದಿದ್ದಳು, ಪಂಪಿನದಷ್ಟೇ ತೊಳೆದಿದ್ದ. ಕೈ ಹಾಕಿ ಕಣ್ಣನ್ನು ಹೊರಗೆಳೆದ. ಗಾಜಿನ ತುಂಬ ಹಳದಿ ಭಂಡಾರ!

ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಸಿಕ್ಕಿಸಿ, ಸ್ವಿಚ್ಚು ಒತ್ತಿದ. ಬೆಂಕಿ ಎದ್ದಿತು. ಎಲ್ಲರೂ ಕೆಂಪು ದೀಪದ ಕಡೆ ನೋಡಿದರು. ಬೆಂಕಿ ಆರಲಿಲ್ಲ. ಅಬ್ಬಾ, ಮಾಳಪ್ಪನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಹಿಟ್ಟಿನ ಚೀಲದ ಮೇಲೆ ದೊಪ್ಪನೆ ಕುಳಿತು ನಗುತ್ತಾ ಅತ್ತುಬಿಟ್ಟ.

"ಇನ್ನ ಮ್ಯಾಲ ಭಂಡಾರ ಒಲಿ ಹೊರಗ ಹಚ್ರಿ, ಕಣ್ಣಿಗೆ ಬ್ಯಾಡ," ಎಂದು ರೇಣುವೂ ನಕ್ಕಳು.

"ಅಳೂದು ಆಮ್ಯಾಲೆ. ಟ್ರೇ ಒಳಗ ಹಾಕು, ಒಲಿ ನಿಂದ ಐತಿ," ಎಂದ ದಿಗಂಬರ.

ಸಂಜೆಯವರೆಗೂ ಮಾಳಪ್ಪ ಒಲೆಯ ಮುಂದಿಂದ ಅಲುಗಲಿಲ್ಲ. ಮನೆಗೆ ಬಂದಾಗ ರಾಚವ್ವ ಬಾಗಿಲಲ್ಲೇ ಇದ್ದಳು. ಬೆನ್ನಿಗೆ ಅಂಟಿದ ತೊಯ್ದ ಅಂಗಿಯನ್ನು ಒಮ್ಮೆ ನೋಡಿದಳು, ಮುಖ ಅರಳಿತು. ಆದರೂ ದನಿ ಏರಿಸಿದಳು.

"ಒಳಗ ಬರಬ್ಯಾಡ್ರಿ, ಮೊದಲ ಜಳಕಾ ಮಾಡ್ರಿ."

"ಹೂಂ, ಮಾಡತೇನಿ," ಎಂದು ಮಾಳಪ್ಪ ಹೊಸ್ತಿಲ ಹೊರಗೆ ನಿಂತ.